ಐದನೇ ಗಾಜು

ಗಾಜಿನೊಳಗಿನ ನಿಂಬೆವ್ವ ಮೂರನೆಯ ಸಲ ಸತ್ತಾಗ, ಮೇಲಿನ ವಾರ್ಡಿನಲ್ಲಿದ್ದ ನಿಂಬೆವ್ವ ಬಿಸಿ ಉಪ್ಪಿಟ್ಟು ತಿನ್ನುತ್ತಿದ್ದಳು. ತಮ್ಮ ಅಡಿವೆಪ್ಪ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಂಚದ ಪಕ್ಕಕ್ಕೆ ನಿಂತ. ಅವಳು ಅವನ ಕಣ್ಣನ್ನಷ್ಟೇ ನೋಡಿದಳು.

“ಮೂರನೇದಾಕೀನೂ ಹೋದಳೇನು?”

“ಹೂಂ.”

“ನನ್ನ ತಂಗೇರಿಗೆ ಯಾರಿಗೂ ಆಯುಷ್ಯ ಇಲ್ಲ ನೋಡು,” ಎಂದು ನಿಂಬೆವ್ವ ತಟ್ಟೆಯನ್ನು ಅವನತ್ತ ಸರಿಸಿದಳು. “ಒಂದ್ ತುತ್ತು ತಿನ್ನು. ಮೂರು ಸೂತಕ ಹೊತ್ತವರ ಗತೆ ನಿಂತೀಯಲ್ಲ.”

ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಅವಳ ಗಂಡ ಫಕ್ಕೀರಪ್ಪ ನಗಲಿಲ್ಲ. ಹೆಂಡತಿಯ ಇಂಥ ಮಾತಿಗೆ ಮೊದಲು ನಗುತ್ತಿದ್ದವನು ಅವನೇ.

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಗಾಜಿನ ಕೋಣೆ ಎಂದೊಂದಿತ್ತು. ರಕ್ತದ ಕ್ಯಾನ್ಸರಿನವರ ಮೂಳೆಯೊಳಗಿಂದ ಚೂರು ಮಜ್ಜೆ ತೆಗೆದು, ಬೆಂಕಿಪೊಟ್ಟಣದಷ್ಟು ಅಗಲದ ಗಾಜಿನ ಬಿಲ್ಲೆಗಳಲ್ಲಿ ಬೆಳೆಸುತ್ತಿದ್ದರು. ಬಿಲ್ಲೆಯೊಳಗೆ ಒಣಗಿದ ಹೀರೇಕಾಯಿಯ ಜಾಳಿಗೆಯಂಥದೊಂದು ಹಂದರ. ಅದರ ತೂತುಗಳಲ್ಲಿ ಮಜ್ಜೆ ಹಬ್ಬಿಕೊಳ್ಳುತ್ತಿತ್ತು. ಕೂದಲಿನಂಥ ಕೊಳವೆಗಳಲ್ಲಿ ಬೆಚ್ಚನೆಯ ಸಾರು ಹರಿಸಿ, ಅದರ ಕಣಗಳು ದೇಹದಲ್ಲಿ ಒಡೆದು ಬೆಳೆಯುವುದಕ್ಕಿಂತ ಎಷ್ಟೋ ಪಟ್ಟು ಬೇಗ ಬೆಳೆಯುವಂತೆ ಮಾಡುತ್ತಿದ್ದರು. ಮನುಷ್ಯನಿಗೆ ಒಂದು ದಿನವಾದರೆ ಗಾಜಿಗೆ ಸುಮಾರು ಒಂದು ತಿಂಗಳು. ಒಂದೊಂದು ಬಿಲ್ಲೆಗೆ ಒಂದೊಂದು ಚಿಕಿತ್ಸೆ ಕೊಟ್ಟು, ಮುಂದೇನಾಗುತ್ತದೆ ಎಂದು ಮೊದಲೇ ನೋಡಿಬಿಡುವುದು. ಗಾಜಿನಲ್ಲಿ ಸೋತದ್ದನ್ನು ಮನುಷ್ಯನಿಗೆ ಕೊಡುವಂತಿಲ್ಲ ಎಂದು ಕಾನೂನೇ ಬಂದಿತ್ತು. ಸುಮ್ಮನೆ ನರಳಿಸುವುದು ತಪ್ಪಿತು ಎಂದು ಎಲ್ಲರೂ ಅದನ್ನು ಹೊಗಳಿದ್ದರು. ಹೊಗಳಿದವರಲ್ಲಿ ಯಾರೂ ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತವರಿರಲಿಲ್ಲ.

ಬೆಂಚಿನ ಮೇಲೆ ಕೂತವರಿಗೆ ಅದೊಂದು ಬೇರೆಯೇ ಊರಾಗಿತ್ತು. ಕೋಣೆಯ ಹೊಸ್ತಿಲಿಗೆ ಯಾರೋ ಅರಿಸಿನ ಕುಂಕುಮ ಹಚ್ಚಿ ಹೋಗಿರುತ್ತಿದ್ದರು. ಕಸ ಗುಡಿಸುವವರು ಒರೆಸಿದರೆ ಮರುದಿನ ಮತ್ತೆ ಇರುತ್ತಿತ್ತು. ಗದಗಿನ ಕಡೆಯ ಒಬ್ಬ ಮುದುಕ ಮಗನ ಗಾಜಿಗೆ ಕೇಳಲೆಂದು ಗೋಡೆಗೆ ಬಾಯಿ ಹಚ್ಚಿ ಮಾತಾಡುತ್ತಿದ್ದ. ಕ್ಯಾಂಟೀನಿನವನು ಚಹಾ ಕೊಡುವಾಗ ಆರಾಮಿದ್ದೀರೇನು ಎಂದು ಕೇಳುವುದನ್ನು ಬಿಟ್ಟು, “ಎಷ್ಟ್ ಗಾಜು ಉಳದಾವ್ರಿ?” ಎಂದೇ ಕೇಳುತ್ತಿದ್ದ.

ನಿಂಬೆವ್ವನದು ಐದು ಗಾಜು. ಮೊದಲನೆಯದಕ್ಕೆ ಹೊಸ ಮಾತ್ರೆ ಹಾಕಿದರು. ಕೆಲವು ಕಾಲ ತಡೆದು ಆಮೇಲೆ ಕೈಬಿಟ್ಟಿತು. ಎರಡನೆಯದಕ್ಕೆ ಕೊಟ್ಟ ಕಟುವಾದ ಔಷಧಿ ರೋಗದ ಜೊತೆಗೆ ಉಳಿದದ್ದನ್ನೂ ತೊಳೆದುಕೊಂಡು ಹೋಯಿತು. ಮೂರನೆಯದಕ್ಕೆ, ರೋಗದ ಗುರುತು ಹಿಡಿಯುವಂತೆ ಪ್ರಯೋಗಶಾಲೆಯಲ್ಲಿ ಪಳಗಿಸಿದ ಕಣಗಳನ್ನು ಬಿಟ್ಟಿದ್ದರು. ಅವು ಬೇಟೆ ನಾಯಿಗಳ ಹಾಗೆ ಎಲ್ಲವನ್ನೂ ಹುಡುಕಿ ಮುಗಿಸಿದವು ಎಂದು ಎರಡು ದಿನ ಸಂತೋಷವಾಗಿತ್ತು. ಎಲ್ಲೋ ಒಂದೆರಡು ರೋಗದ ಕಣ ತಮ್ಮ ಗುರುತನ್ನೇ ಕಳಚಿಹಾಕಿ ಅಡಗಿದ್ದವು. ಅವೇ ಮತ್ತೆ ಹಬ್ಬಿದವು. ನಾಲ್ಕನೆಯದು ಬೇರೊಬ್ಬರ ಮಜ್ಜೆ ತಂದು ಎರಡನೆಯ ಸಲ ಕಸಿ ಮಾಡುವುದು. ಅದಕ್ಕೆ ಮೊದಲು ಕೊಡುವ ಔಷಧಿಯ ಬೇಗೆಯನ್ನು ಇವಳ ಶ್ವಾಸಕೋಶ ತಾಳಲಾರದು ಎಂದು ಡಾಕ್ಟರೇ ಆ ಗಾಜನ್ನು ಪಕ್ಕಕ್ಕೆ ಇಡಿಸಿದರು.

ಉಳಿದದ್ದು ಐದನೆಯದು. ಅದು ಅಡಿವೆಪ್ಪನದು.

*

ಅಕ್ಕ ತಮ್ಮ ಇಬ್ಬರದೂ ಮಾವಿನ ಸಸಿಯ ಕೆಲಸ. ಧಾರವಾಡದಿಂದ ಪಶ್ಚಿಮಕ್ಕೆ ಹೋಗುವ ರಸ್ತೆಯಲ್ಲಿ ಅವರ ಸಸಿಮಡಿಗಳಿದ್ದವು. ನಾಟಿ ಮಾವಿನ ಓಟೆಯಿಂದ ಎದ್ದ ಸಸಿಯ ತಲೆ ಸವರಿ, ಅದರ ದಂಟನ್ನು ಸೀಳಿ, ಆಪೂಸಿನ ಕಡ್ಡಿಯನ್ನು ಬೆಣೆಯ ಹಾಗೆ ಕೆತ್ತಿ ಅದರೊಳಗೆ ಕೂರಿಸುವವನು ಅಡಿವೆಪ್ಪ. ಕೂರಿಸಿ ಅವನು ಹಿಡಿದುಕೊಂಡರೆ, ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತಿ ಗಂಟು ಹಾಕುವವಳು ನಿಂಬೆವ್ವ. ಕೆತ್ತುವ ಕೈ ಕಟ್ಟಬಾರದು, ಕಟ್ಟುವ ಕೈ ಕೆತ್ತಬಾರದು ಎನ್ನುವುದು ಅವರ ಅಪ್ಪ ಮಾಡಿಟ್ಟ ಪದ್ಧತಿ. ಒಬ್ಬನೇ ಎರಡೂ ಮಾಡಲು ಹೋದರೆ ಗಂಟು ಬೀಳುವಷ್ಟರಲ್ಲಿ ಕಡ್ಡಿ ಅಲುಗಿರುತ್ತದೆ. ಮಳೆಗಾಲವಿಡೀ ಇಬ್ಬರೂ ಎದುರುಬದುರು ಕುಕ್ಕರಗಾಲಲ್ಲಿ ಕೂತು, ಮಾತಿಲ್ಲದೆ ಒಂದು ಮಡಿಯಿಂದ ಇನ್ನೊಂದು ಮಡಿಗೆ ಸರಿಯುತ್ತಿದ್ದರು. ಮದುವೆಯಾಗಿ ಪಕ್ಕದ ಓಣಿಗೆ ಹೋದ ಮೇಲೂ ನಿಂಬೆವ್ವ ಆ ಕೆಲಸ ಬಿಟ್ಟಿರಲಿಲ್ಲ.

ಹಿಂದಿನ ವರ್ಷ ಅವಳ ಮಜ್ಜೆಯನ್ನೆಲ್ಲ ಔಷಧಿಯಿಂದ ಬರಿದು ಮಾಡಿ ತಮ್ಮನ ಕಾಂಡಕೋಶಗಳನ್ನು ಹಾಕಿದಾಗ, ಇಬ್ಬರಿಗೂ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. “ನಾ ನಾಟಿ ಗಿಡ, ನೀ ಆಪೂಸ,” ಎಂದಿದ್ದಳು ನಿಂಬೆವ್ವ. “ಸಣ್ಣಾಂವ ಇದ್ದಾಗಿಂದ ನಿನಗ ಆ ಸೊಕ್ಕು ಐತಿ.” ಕಸಿ ಹತ್ತಿತು. ಅವಳ ರಕ್ತವೆಲ್ಲ ತಮ್ಮನ ರಕ್ತವೇ ಆಯಿತು. ಕೂದಲು ಬಂದವು, ಒಂದು ಮಳೆಗಾಲ ಪಟ್ಟಿ ಕಟ್ಟಿದಳು ಕೂಡ. ಆಮೇಲೆ ಒಂದು ತಪಾಸಣೆಯಲ್ಲಿ ಬುಡದ ಚಿಗುರು ಕಾಣಿಸಿತು: ಕಸಿಯ ಕೆಳಗಿನಿಂದ ನಾಟಿ ಗಿಡ ಮತ್ತೆ ಏಳುವ ಹಾಗೆ, ಅವಳ ಹಳೆಯ ರೋಗ ಮರಳಿತ್ತು.

ಗಾಜಿನ ಕೋಣೆಯ ಪರದೆಯ ಮೇಲೆ ಅದು ಕಣ್ಣಿಗೇ ಕಾಣುತ್ತಿತ್ತು. ಅಡಿವೆಪ್ಪನಿಂದ ಬಂದ ಕಣಗಳಿಗೆ ಹಸಿರು ಬಣ್ಣ, ನಿಂಬೆವ್ವನ ಹಳೆಯ ರೋಗದ ಕಣಗಳಿಗೆ ಕೆಂಪು. ಹಸಿರಿನ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆ ಎದ್ದು, ಚುಕ್ಕೆ ಮಡುವಾಗಿ, ಹಸಿರನ್ನು ಅಂಚಿಗೆ ತಳ್ಳುತ್ತಿತ್ತು.

“ನೀವು ಹೋದ ವರ್ಷ ಕೊಟ್ಟದ್ದು ಬೀಜ ಇದ್ದಂಗ,” ಎಂದರು ಡಾಕ್ಟರ್ ಸುಮಿತ್ರಾ ಕಟ್ಟೀಮನಿ. ಐವತ್ತು ದಾಟಿದ ಹೆಂಗಸು, ಮಾತಾಡುವಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿಯುವ ಅಭ್ಯಾಸ. “ಈಗ ಬೇಕಾಗಿರೋದು ನಿಮ್ಮ ರಕ್ತದಾಗಿನ ಕಾವಲು ಕಣ. ಅವು ಅಕ್ಕನ ಮೈಯಾಗ ಹೋಗಿ, ಕೆಂಪು ಕಣ ನಮ್ಮವಲ್ಲ ಅಂತ ಗುರುತಿಸಿ ಕೊಲ್ಲಬೇಕು. ಗಾಜಿನಾಗ ಚಮಚದಷ್ಟು ಹಾಕಿದ್ವಿ. ಕೆಂಪು ಹೋಗೇತಿ. ಸಣ್ಣ ಪ್ರಮಾಣ, ಅಪಾಯನೂ ಸಣ್ಣದು.”

ಅಡಿವೆಪ್ಪ ಐದನೆಯ ಗಾಜನ್ನು ನೋಡುತ್ತ ನಿಂತ. ಮಳೆ ಹಿಡಿದ ಮಡಿಯ ಹಾಗೆ ಹಸಿರು.

“ಈ ಸಲನೂ ಸೂಜಿ ಮಾಡ್ತೀರೇನ್ರಿ? ಹೋದ ಸಲ ಮಾಡಿದ್ರಲ್ಲ, ಎಲುಬೆಲ್ಲಾ ನುಗ್ಗಾದಂಗ ಆಗಿತ್ತು.”

“ಅದು ಕಾಂಡಕೋಶ ಉಬ್ಬಿ ರಕ್ತಕ್ಕ ಬರಲಿ ಅಂತ. ಈ ಸಲ ಬ್ಯಾಡ. ಇದ್ದದ್ದನ್ನ ತಗೊಳ್ಳೂದು. ಮುಂದಿನ ವಾರ ಬರ್ರಿ, ಅಷ್ಟ.”

ಉಬ್ಬಿಸುವ ಆ ಸೂಜಿಮದ್ದು ಇಲ್ಲ ಎನ್ನುವುದೊಂದೇ ಅಡಿವೆಪ್ಪನ ತಲೆಯಲ್ಲಿ ಮುಳ್ಳಾಗಿ ಉಳಿಯಿತು.

ಕಡ್ಡಿಯನ್ನು ಮರದಿಂದ ಹಾಗೇ ಮುರಿದುಕೊಂಡು ಬಂದು ಯಾರೂ ಕಸಿ ಕಟ್ಟುವುದಿಲ್ಲ. ಮೊದಲು ಆ ಟೊಂಗೆಯ ಎಲೆಗಳನ್ನೆಲ್ಲ ಸವರಿ ಬೋಳು ಮಾಡಿ ಮರದಲ್ಲೇ ಬಿಡಬೇಕು. ಎಲೆಗೆ ಹೋಗುವ ಸತ್ವ ಎಲೆ ಇಲ್ಲದೆ ತುದಿಯಲ್ಲಿ ಚಿಗುರೊಡೆಯುವ ಕಣ್ಣಿಗೆ ಹೋಗುತ್ತದೆ; ಕಣ್ಣು ಉಬ್ಬುತ್ತದೆ; ಅಂಥ ಕಡ್ಡಿಯೇ ಹತ್ತುವುದು. ಹೋದ ಸಲ ಆ ಕೆಲಸವನ್ನು ಸೂಜಿ ಮಾಡಿತ್ತು. ಈ ಸಲ ಸೂಜಿ ಇಲ್ಲದಿದ್ದರೆ ತಾನೇ ಮಾಡಿಕೊಳ್ಳಬೇಕು ಎಂದು ಅವನು ಯಾರ ಹತ್ತಿರವೂ ಆಡದೆ ತೀರ್ಮಾನಿಸಿದ.

ಊಟ ಬಿಟ್ಟ. ಹೊತ್ತಿಗೊಂದು ಲೋಟ ನೀರುಮಜ್ಜಿಗೆ, ಅಷ್ಟೇ. ಹೆಂಡತಿಗೆ ಆಸ್ಪತ್ರೆಯಲ್ಲಿ ಉಂಡೆ ಎಂದ. ಅಕ್ಕನಿಗೆ ಮನೆಯಲ್ಲಿ ಉಂಡೆ ಎಂದ. ನಿಂಬೆವ್ವ ಮತ್ತೊಂದು ಮುಂಜಾನೆ ಉಪ್ಪಿಟ್ಟಿನ ತಟ್ಟೆ ಸರಿಸಿದಾಗಲೂ ಅವನು ಕೈ ಹಚ್ಚಲಿಲ್ಲ. ತಲೆ ಹಗುರಾಗಿ, ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾದಾಗ, ಕಣ್ಣು ಉಬ್ಬುತ್ತಿರಬೇಕು ಎಂದುಕೊಂಡು ಒಳಗೊಳಗೇ ಗಟ್ಟಿಯಾದ.

*

ರಕ್ತ ಸೋಸುವ ಯಂತ್ರದ ಮುಂದೆ ಕುರ್ಚಿಯಲ್ಲಿ ಮಲಗಿ, ಎರಡೂ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಸ್ವಲ್ಪ ಹೊತ್ತಾಗಿತ್ತು. ಅಡಿವೆಪ್ಪನ ತುಟಿ ಬೆಳ್ಳಗಾಯಿತು. ಗಾಜಿನ ಕೋಣೆಯನ್ನೂ ಈ ಯಂತ್ರವನ್ನೂ ನೋಡಿಕೊಳ್ಳುತ್ತಿದ್ದ ಇಮ್ತಿಯಾಜ್ ಓಡಿಬಂದು ಯಂತ್ರ ನಿಲ್ಲಿಸಿ, ಅವನ ಕಾಲು ಮೇಲೆತ್ತಿ ಹಿಡಿದ.

“ಅಡಿವೆಪ್ಪಣ್ಣ, ಕಣ್ ಮುಚ್ಚಬ್ಯಾಡ್ರಿ. ಮಾತಾಡ್ರಿ ನನ್ನ ಕೂಡ. ಮುಂಜಾನೆ ಏನ್ ತಿಂದೀರಿ?”

ಅಡಿವೆಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಚೀಲದಲ್ಲಿ ಬಂದದ್ದು ಬೇಕಾದದ್ದರ ಕಾಲುಭಾಗವೂ ಇರಲಿಲ್ಲ. ರಕ್ತ ಪರೀಕ್ಷೆಗೆ ಹೋಗಿಬಂತು. ಡಾಕ್ಟರ್ ಕಟ್ಟೀಮನಿ ಅದನ್ನು ನೋಡಿ, ಅವನನ್ನು ನೋಡಿ, ಅವನನ್ನು ಗಾಲಿಕುರ್ಚಿಯಲ್ಲಿ ಕೂಡಿಸಿಕೊಂಡೇ ನಿಂಬೆವ್ವನ ಕೋಣೆಗೆ ಬಂದರು.

“ಹೋದ ತಿಂಗಳು ಇವರ ಕಾವಲು ಕಣ ಬೇಕಾದಷ್ಟಿದ್ದವು. ಈಗ ಅರ್ಧಕ್ಕಿಂತ ಕಡಿಮಿ. ಇವರು ಉಪವಾಸ ಇದ್ದಾರ. ಉಪವಾಸ ಇದ್ದರ ಈ ಕಣ ರಕ್ತ ಬಿಟ್ಟು ಒಳಗ ಸರದು ಕುಂದರತಾವ. ಯಾಕ್ರಿ ಹಿಂಗ ಮಾಡಿದ್ರಿ? ಹರಕಿ ಏನಾರ ಹೊತ್ತಿದ್ರೇನು?”

ಅಡಿವೆಪ್ಪ ಕಾಲಬೆರಳು ನೋಡುತ್ತಿದ್ದ. ಬಾಯಿ ತೆರೆದದ್ದು ನಿಂಬೆವ್ವ. ದಿಂಬಿನಿಂದ ತಲೆ ಎತ್ತದೆ, ಮೆಲ್ಲಗೆ ಕೇಳಿದಳು:

“ಎಲಿ ಸವರಿದೇನೋ?”

ಅವನು ತಲೆಯಾಡಿಸಿದ.

“ಏನದು?” ಎಂದರು ಡಾಕ್ಟರು.

“ಏನಿಲ್ರಿ ಅಮ್ಮಾರ. ಕಸಿ ಕೆಲಸದಾಗಿನ ಮಾತು. ಕಡ್ಡಿ ಹದಕ್ಕ ಬರಲಿ ಅಂತ ಹಿಂಗ ಮಾಡ್ಯಾನ.” ಆಮೇಲೆ ಅವಳು ನಕ್ಕಳು. ನಕ್ಕರೆ ಒಸಡಿನಿಂದ ರಕ್ತ ಬರುತ್ತಿತ್ತು. ಸೆರಗಿನ ಅಂಚಿನಿಂದ ಒತ್ತಿಕೊಂಡಳು. “ಹುಚ್ಚ ಖೋಡಿ. ನೀ ಮರ ಅಲ್ಲೋ.”

ಡಾಕ್ಟರು ಕನ್ನಡಕ ಹಾಕಿಕೊಂಡು, ಮತ್ತೆ ತೆಗೆದರು. ಬೈಯಲು ಬಂದವರು ಬೈಯದೆ, “ಊಟ ಮಾಡ್ರಿ,” ಎಂದಷ್ಟೇ ಹೇಳಿ ಹೋದರು.

ಅವನಿಗೆ ಊಟ ಹಾಕಿದರು. ಫಕ್ಕೀರಪ್ಪ ಎದುರಿಗೆ ಕೂತು ರೊಟ್ಟಿ ಮುರಿದು ಕೊಟ್ಟ. ಮೊಟ್ಟೆ, ಬೇಳೆ, ಹಾಲು, ಮತ್ತೆ ರೊಟ್ಟಿ. ಅವನ ಕಣಗಳು ರಕ್ತಕ್ಕೆ ಮರಳಲು ತಮ್ಮ ಕಾಲ ತಗೊಂಡವು. ಕೆಂಪು ಕಣಗಳು ಕಾಯಲಿಲ್ಲ. ಮತ್ತೆ ಅವಳ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದಾಗ, ಹಸಿರಿಗೂ ಕೆಂಪಿಗೂ ಸರಿಸಮ ಪಾಲಾಗಿತ್ತು.

ಐದನೆಯ ಗಾಜನ್ನು ಹೊಸದಾಗಿ ಕಟ್ಟಿದರು. ಚಮಚದಷ್ಟು ಹಾಕಿದರು, ಹಸಿರು ನುಗ್ಗಿತು, ನಿಂತಿತು, ಸೋತಿತು. ಇಮ್ತಿಯಾಜ್ ಪರದೆಯ ಎದುರಿನಿಂದ ಎದ್ದು ಅಡಿವೆಪ್ಪನಿಗೆ ಕಾಣದ ಹಾಗೆ ನಿಲ್ಲಲು ನೋಡಿದ. ಅವನು ಆಗಲೇ ನೋಡಿಯಾಗಿತ್ತು. ಐದನೆಯದನ್ನೇ ಮತ್ತೊಮ್ಮೆ ಕಟ್ಟಿ ಬಹಳ ದೊಡ್ಡ ಪ್ರಮಾಣ ಹಾಕಿದರು. ಎರಡು ದಿನದಲ್ಲಿ ಒಂದು ಕೆಂಪು ಚುಕ್ಕೆಯೂ ಉಳಿಯಲಿಲ್ಲ. ಗಾಜಿನ ತಿಂಗಳುಗಳು ಕಳೆದವು, ವರ್ಷ ಕಳೆಯಿತು. ಹಸಿರು ಹಸಿರಾಗಿಯೇ ಉಳಿಯಿತು.

*

“ಇದು ಗೆದ್ದೈತಿ,” ಎಂದರು ಡಾಕ್ಟರು. ಈ ಸಲ ಅವರು ಮಂಚದ ಅಂಚಿಗೇ ಕೂತಿದ್ದರು. “ಕಾನೂನಿನ ಪ್ರಕಾರ ನಾ ಕೊಡಬಹುದು. ಆದರ ಒಂದು ಮಾತು ತಿಳಕೊಳ್ರಿ. ಗಾಜಿನಾಗ ಬರೇ ಮಜ್ಜಿ ಐತಿ. ಅದಕ್ಕ ಚರ್ಮ ಇಲ್ಲ, ಕರುಳಿಲ್ಲ, ಲಿವರ್ ಇಲ್ಲ. ತಮ್ಮನ ಕಣ ಅಷ್ಟು ದೊಡ್ಡ ದಂಡು ಹೋದ್ರ, ಕೆಂಪಷ್ಟ ಹುಡುಕಿ ಹೊಡೀತಾವ ಅಂತ ಹೇಳಾಕ ಬರೂದಿಲ್ಲ. ಅವಕ್ಕ ಅಕ್ಕನ ಇಡೀ ಮೈ ಪರದೇಶಿ ಆಗಿ ಕಾಣಬಹುದು. ಚರ್ಮ, ಹೊಟ್ಟಿ, ಲಿವರ್. ಒಮ್ಮೊಮ್ಮೆ ಔಷಧಿಗೆ ನಿಲ್ಲತಾವ. ಒಮ್ಮೊಮ್ಮೆ ನಿಲ್ಲೂದಿಲ್ಲ.”

“ಅದನ್ನೂ ಗಾಜಿನಾಗ ನೋಡಾಕ ಬರೂದಿಲ್ಲೇನ್ರಿ?” ಎಂದ ಫಕ್ಕೀರಪ್ಪ.

“ಇಡೀ ಮನುಷ್ಯಾನ್ನ ಗಾಜಿನಾಗ ಮಾಡಾಕ ನಮಗಿನ್ನೂ ಬಂದಿಲ್ಲ.”

“ಮಾಡದಿದ್ದರ?”

“ಮನೀಗೆ ಹೋಗಬಹುದು. ನೋವಿಗೆ, ಜ್ವರಕ್ಕೆ ಔಷಧಿ ಕೊಡತೀವಿ, ರಕ್ತ ಹಾಕತೀವಿ. ಕೆಲವು ವಾರ. ಆರಾಮಾಗಿ ಇರೂಹಂಗ ನೋಡಿಕೊಳ್ಳತೀವಿ.”

“ಮನೀಗೇ ಹೋಗೂಣು,” ಎಂದ ಫಕ್ಕೀರಪ್ಪ, ಡಾಕ್ಟರಿಗಲ್ಲ, ಹೆಂಡತಿಗೆ. ಅವನ ದನಿ ಬೇಡುವವನ ಹಾಗಿತ್ತು. “ಸಾಕು. ನಿನ್ನ ಮಂಚ ಪಡಸಾಲ್ಯಾಗ ಹಾಕತೀನಿ. ಬಾಗಿಲಾ ತೆಗದ್ರ ಮಡಿ ಕಾಣತಾವ. ನೀ ಬೈಕೋತ ಮಲಗು, ನಾ ಕೇಳಕೋತ ಕುಂದರತೀನಿ.”

ನಿಂಬೆವ್ವ ಗಂಡನ ಮುಖ ಬಹಳ ಹೊತ್ತು ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

“ನೀ ಏನಂತಿ?”

ಅಡಿವೆಪ್ಪ ಅವಳ ಹೊದಿಕೆಯ ಅಂಚು ಸರಿಮಾಡಿದ. ಕೊಡುತ್ತೇನೆ ಎಂದರೆ ತನ್ನ ರಕ್ತವೇ ಹೋಗಿ ಅವಳ ಮೈಯನ್ನು ತಿನ್ನಬಹುದು. ಬೇಡ ಎಂದರೆ ತಾನು ಬಿಟ್ಟ ಆ ಊಟವೇ ಅವಳನ್ನು ತಿಂದ ಹಾಗೆ. ಎರಡರ ನಡುವೆ ನಿಲ್ಲುವಷ್ಟೂ ಜಾಗ ಇರಲಿಲ್ಲ.

“ಹಾಕ್ರಿ ಅಮ್ಮಾರ,” ಎಂದಳು ನಿಂಬೆವ್ವ. “ಬುಡದ ಚಿಗುರು ಕೀಳದ ಕೈಬಿಟ್ಟು ಹೋಗೂದು ನಮ್ಮ ಮಂದಿಗೆ ಗೊತ್ತಿಲ್ಲ.”

ಫಕ್ಕೀರಪ್ಪ ಎದ್ದು ಹೊರಗೆ ಹೋದ. ಅಡಿವೆಪ್ಪ ಹಿಂದೆಯೇ ಹೋಗಿ ಅವನ ಪಕ್ಕ ನಿಂತ. ಭಾವ ಕಿಟಕಿಯ ಸರಳು ಹಿಡಿದುಕೊಂಡಿದ್ದ.

“ಆಕಿ ನನ್ನ ಮಾತು ಕೇಳತಿದ್ದಳು,” ಎಂದ ಫಕ್ಕೀರಪ್ಪ, ತಿರುಗದೆಯೇ. “ನೀ ಜೀವನಪೂರ್ತಿ ಆ ಉಪವಾಸ ಹೊತಗೊಂಡು ತಿರಗಬಾರದು ಅಂತ ಒಪ್ಪಿದಳು. ನಿನಗೂ ಗೊತ್ತೈತಿ ಅದು.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಡಿವೆಪ್ಪನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

*

ದೊಡ್ಡ ಚೀಲ ಏರಿಸಿದ ಕೆಲವು ದಿನ ಏನೂ ಆಗಲಿಲ್ಲ. ನಿಂಬೆವ್ವ ಕ್ಯಾಂಟೀನಿನ ಚಹಾವನ್ನು ಬೈದಳು, ನರ್ಸಮ್ಮನಿಗೆ ಗಂಡು ಹುಡುಕಿಕೊಡುತ್ತೇನೆ ಎಂದಳು. ಆಮೇಲೆ ಅಂಗೈ ಕೆಂಪಾದವು. ಮೆಹಂದಿ ಹಚ್ಚಿದ ಹಾಗೆ ಕಾಣುತ್ತವೆ ಎಂದು ತಾನೇ ತೋರಿಸಿದಳು. ಅಂಗಾಲು, ಕಿವಿಯ ಹಿಂದೆ, ಎದೆ. ಚರ್ಮ ಬಿಸಿನೀರು ಬಿದ್ದಂತೆ ಸುಲಿಯತೊಡಗಿತು. ಹೊಟ್ಟೆ ಕೆಟ್ಟಿತು, ಏನು ಹಾಕಿದರೂ ನಿಲ್ಲದೆ ರಕ್ತವಾಗಿ ಹೋಯಿತು. ಕಣ್ಣು ಹಳದಿಯಾದವು. ದಂಡನ್ನು ಹಿಂದಕ್ಕೆ ಕರೆಯುವ ಔಷಧಿ ಕೊಟ್ಟರು, ಅದು ಸಾಲದೆ ಇನ್ನೊಂದು, ಅದರ ಮೇಲೆ ಮತ್ತೊಂದು.

ರಕ್ತದ ವರದಿ ಮಾತ್ರ ಚೆನ್ನಾಗಿ ಬರುತ್ತಿತ್ತು. ರೋಗದ ಒಂದು ಕೆಂಪು ಕಣವೂ ಸಿಗುತ್ತಿಲ್ಲ, ಎಲ್ಲ ನಿಮ್ಮದೇ ಎಂದು ಡಾಕ್ಟರು ಅಡಿವೆಪ್ಪನಿಗೆ ಹೇಳಿದರು. ಹೇಳಿ, ಅವನ ಭುಜದ ಮೇಲೆ ಕೈ ಇಡಲು ಬಂದವರು ಇಡದೆ ಹಿಂದೆ ತೆಗೆದುಕೊಂಡರು. ಔಷಧಿಗೆ ಲಿವರ್ ಮಾತು ಕೇಳುತ್ತಿಲ್ಲ ಎಂದು ಆಮೇಲೆ ಹೇಳಿದರು.

ಅವನು ನೆಲಮಾಳಿಗೆಗೆ ಇಳಿದ. ಬೆಂಚಿನ ಮೇಲೆ ಹೊಸಬರು ಕೂತಿದ್ದರು. ಗದಗಿನ ಮುದುಕ ಕಾಣಲಿಲ್ಲ. ಇಮ್ತಿಯಾಜ್ ಬಾಗಿಲು ತೆರೆದು ಅವನನ್ನು ಒಳಗೆ ಬಿಟ್ಟುಕೊಂಡ.

ಐದನೆಯ ಗಾಜು ತನ್ನ ಗೂಡಿನಲ್ಲಿ ಬೆಚ್ಚಗಿತ್ತು. ಸಾರು ಹರಿಯುತ್ತಿತ್ತು. ಪರದೆಯ ಮೇಲೆ ಅಂಚಿನಿಂದ ಅಂಚಿಗೆ ಹಸಿರು. ಕಣಗಳು ಒಡೆಯುವುದು, ತುಂಬಿಕೊಳ್ಳುವುದು, ಹಳೆಯವು ಉದುರುವುದು, ಹೊಸವು ಬರುವುದು. ಗಾಜಿನ ಲೆಕ್ಕದಲ್ಲಿ ನಿಂಬೆವ್ವ ಆರಾಮಾಗಿ ಎಷ್ಟೋ ಮಳೆಗಾಲ ಕಳೆದಿದ್ದಳು.

“ಇದಕ್ಕ ನೋವು ಇರತೈತೇನ್ರಿ?”

“ಇಲ್ಲಣ್ಣ. ನರ ಇಲ್ಲ ಅದಕ್ಕ.”

“ನಾ ಇದರ ಮುಂದ ಮಾತಾಡಿದ್ರ?”

ಇಮ್ತಿಯಾಜ್ ಪರದೆಯ ಮೇಲಿನ ಧೂಳು ಒರೆಸಿದ. ಅಲ್ಲಿ ಕೆಲಸ ಮಾಡುವವರು ಇಂಥ ಪ್ರಶ್ನೆಗೆ ಏನು ಹೇಳಬೇಕು ಎಂದು ಯಾರೂ ಕಲಿಸಿರಲಿಲ್ಲ.

“ಹಂಗಾರ ಇದು ಅಕ್ಕ ಅಲ್ಲ,” ಎಂದ ಅಡಿವೆಪ್ಪ. “ಇದರಾಗ ಬರೇ ನಾನ ಅದೇನಿ.”

ಮೇಲೆ ಬಂದಾಗ ಸಂಜೆಯ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಫಕ್ಕೀರಪ್ಪ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದ. ನಿಂಬೆವ್ವನ ಕೈಗಳಿಗೆ ಮುಲಾಮು ಬಳಿದು ತೆಳುವಾದ ಬಟ್ಟೆ ಸುತ್ತಿದ್ದರು. ಬಲಗೈಯ ಎರಡು ಬೆರಳಿನ ತುದಿ ಮಾತ್ರ ಹೊರಗಿದ್ದವು. ಆ ಬೆರಳುಗಳು ಹೊದಿಕೆಯ ಮೇಲೆ ಅಲುಗುತ್ತಿದ್ದವು. ನೋವಿಗೆ ಕೊಟ್ಟ ಔಷಧಿಯ ಮಂಪರಿನಲ್ಲಿ ಸುಮ್ಮನೆ ಆಡುತ್ತಿವೆ ಎಂದು ಬೇರೆಯವರು ಅಂದುಕೊಳ್ಳುತ್ತಿದ್ದರು. ಅಡಿವೆಪ್ಪನಿಗೆ ಗೊತ್ತಾಯಿತು. ಕೆಳಗಿನಿಂದ ಮೇಲಕ್ಕೆ, ಕೆಳಗಿನಿಂದ ಮೇಲಕ್ಕೆ.

ಅವನು ಸ್ಟೂಲು ಎಳೆದುಕೊಂಡು ಎದುರು ಕೂತ. ಟ್ರೇಯಲ್ಲಿ ಉಳಿದಿದ್ದ ಬ್ಯಾಂಡೇಜಿನ ಪಟ್ಟಿಯೊಂದನ್ನು ಅವಳ ಬೆರಳ ನಡುವೆ ಇಟ್ಟು, ತನ್ನ ಎಡಗೈಯ ತೋರುಬೆರಳನ್ನು ನೆಟ್ಟಗೆ ಹಿಡಿದ.

ನಿಂಬೆವ್ವ ಕಣ್ಣು ತೆರೆದಳು. ಹಳದಿಗಟ್ಟಿದ ಆ ಕಣ್ಣು ಅವನ ಬೆರಳನ್ನು ನೋಡಿತು, ಮುಖವನ್ನಲ್ಲ.

“ಅಲುಗಬ್ಯಾಡ,” ಎಂದಳು.

ಸುತ್ತತೊಡಗಿದಳು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಬಿಡುತ್ತಿದ್ದಳು. ಪಟ್ಟಿ ಎಳೆದಾಗಲೆಲ್ಲ ಅವಳ ಹುಬ್ಬು ಗಂಟಾಗುತ್ತಿತ್ತು, ಎಳೆಯುವುದನ್ನು ಬಿಡಲಿಲ್ಲ. ಒಂದರ ಮೇಲೊಂದು ಅರ್ಧಕ್ಕೆ ಕೂತು, ಎಲ್ಲಿಯೂ ಸಡಿಲಿಲ್ಲದೆ ಪಟ್ಟಿ ಬೆರಳಿನ ತುದಿಯವರೆಗೆ ಏರಿತು. ಅಲ್ಲಿ ಅವಳ ಕೈ ನಿಂತು, ಜಾರಿ, ಹೊದಿಕೆಯ ಮೇಲೆ ಬಿತ್ತು.

“ಗಂಟು ನೀ ಹಾಕ್ಕೋ,” ಎಂದು ಕಣ್ಣು ಮುಚ್ಚಿದಳು.

ಅಡಿವೆಪ್ಪ ಪಟ್ಟಿಯ ತುದಿಯನ್ನು ಬಲಗೈಯಲ್ಲಿ ಹಿಡಿದು ಕೂತ. ಒಂದೇ ಕೈಯಿಂದ ಮಡಚಿ, ತೂರಿಸಿ, ಹಲ್ಲಿನಿಂದ ಕಚ್ಚಿ ಎಳೆದು ನೋಡಿದ. ಗಂಟು ಬೀಳುವಷ್ಟರಲ್ಲಿ ಸುತ್ತು ಸಡಿಲಾಗುತ್ತಿತ್ತು. ಮತ್ತೆ ಸರಿಮಾಡಿ ಮತ್ತೆ ನೋಡಿದ. ಭಾವನನ್ನು ಎಬ್ಬಿಸಬಹುದಾಗಿತ್ತು, ಎಬ್ಬಿಸಲಿಲ್ಲ. ಕೊನೆಗೆ ತುದಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಬಿಚ್ಚಿಹೋಗದ ಹಾಗೆ, ಅಲುಗದೆ ಕೂತುಕೊಂಡ.